ಕೆರೆಗೆ ಬಂದ ನೆಂಟರು



ನಾವು ದಿನಾ ಕೆರೆಗೆ ಹೋಗುತ್ತೇವೆ. ಬಟ್ಟೆ ಒಗೆಯಲು ಹೋಗುತ್ತೇವೆ. ಎಮ್ಮೆಯ ಮೈ ತೊಳೆಯಲು ಹೋಗುತ್ತೇವೆ. ಹೊಲಕ್ಕೆ ಹೋಗುವಾಗ ಕೆರೆಯ ಏರಿ ಮೇಲೆ ನಡೆಯುತ್ತೇವೆ. ಕೆರೆಯಲ್ಲಿ ಹಕ್ಕಿಗಳು ಇರುತ್ತವೆ. "ಇರ್ತಾವ ಬಿಡು" ಅಂತ ನೋಡದೇ ಬರುತ್ತೇವೆ.

ದೀಪಾವಳಿ ಮುಗಿದ ಮೇಲೆ ಕೆರೆಗೆ ದೊಡ್ಡ ಹಕ್ಕಿಗಳು ಹಿಂಡು ಹಿಂಡಾಗಿ ಬರುತ್ತವೆ. ಹೋಳಿ ಹುಣ್ಣಿಮೆ ದಾಟಿದರೆ ಒಂದೂ ಕಾಣುವುದಿಲ್ಲ. ಅವು ಎಲ್ಲಿಂದ ಬಂದವು? ಎಲ್ಲಿಗೆ ಹೋದವು? ನಮಗೂ ಗೊತ್ತಿರಲಿಲ್ಲ. ಹೇಗೆ ತಿಳಿದುಕೊಂಡೆವು, ತಿಳಿದ ಮೇಲೆ ಏನು ಮಾಡಿದೆವು, ಈ ಪಾಠದಲ್ಲಿ ಹೇಳುತ್ತೇವೆ.

ಜಗಳದಿಂದ ಶುರುವಾಯಿತು

ನಮ್ಮದು ಗದಗ ಸೀಮೆಯ ಒಂದು ಸಣ್ಣ ಊರು. ಊರ ಮುಂದೆ ಕೆರೆ. ಕೆರೆಯ ಕೆಳಗೆ ಹೊಲಗಳು. ರಾತ್ರಿ ನಮ್ಮ ಕಲಿಕಾ ಕೇಂದ್ರಕ್ಕೆ 18 ಹೆಂಗಸರು ಬರುತ್ತೇವೆ.

ಸಂಕ್ರಾಂತಿ ಹತ್ತಿರ ಇತ್ತು. ಅವತ್ತು ಪ್ರೇರಕಿ ಹಲಗೆ ಮೇಲೆ 'ಬಾತು' ಎಂದು ಬರೆದಳು. "ಇದು ನಮ್ಮ ಕೆರೆಗೆ ಬಂದ ನೆಂಟ" ಅಂದಳು.

ಹಿಂದೆ ಕೂತಿದ್ದ ಒಬ್ಬ ಅಕ್ಕ ಸಿಟ್ಟಾದಳು.

"ನೆಂಟರಲ್ಲವಾ, ಅವು ಕಳ್ಳರು! ನನ್ನ ಅರ್ಧ ಎಕರೆ ಕಡ್ಲಿ ತಿಂದು ಹಾಕ್ಯಾವ. ರಾತ್ರಿ ಇಳೀತಾವ, ಬೆಳಗಾಗೂದ್ರಾಗ ಹೊಲ ಬೋಳು. ಸಂಘದ ಸಾಲಾ ತಗದು ಬಿತ್ತೇವಿ. ನಮ್ಮ ಮನ್ಯಾವ್ರು ಕಾಳಿಗೆ ಎಣ್ಣಿ ಹಚ್ಚಿ ಇಡ್ತೀನಿ ಅಂತಾರ."

ಎಣ್ಣಿ ಅಂದರೆ ಬೆಳೆಗೆ ಹೊಡೆಯುವ ವಿಷ. ಕೋಣೆಯಲ್ಲಿ ಎಲ್ಲರೂ ಸುಮ್ಮನಾದೆವು. ಅವಳ ಸಂಕಟ ಸುಳ್ಳಲ್ಲ. ಸಾಲದ ಕಂತು ಹಕ್ಕಿ ಕಟ್ಟುವುದಿಲ್ಲ.

ಆಗ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ ಆಯಿ ಮಾತಾಡಿದಳು.

"ಯವ್ವಾ, ಇದು ಹಕ್ಕಿಗೆ ಅಷ್ಟ ಅಂತ ವಿಷದ ಮ್ಯಾಲೆ ಚೀಟಿ ಬರದು ಇಡಾಕ ಬರ್ತದೇನ? ಕೋಳಿ ತಿಂತಾವ, ಕುರಿ ತಿಂತಾವ. ಮಳಿ ಬಿದ್ರ ಕೆರಿಗೆ ಇಳೀತದ. ಆ ನೀರು ಕುಡಿಯೂ ದನಾ ಯಾರವು?"

ಆ ಮಾತು ಎಲ್ಲರಿಗೂ ನಾಟಿತು. ಆದರೆ ಕಡಲೆಯ ನಷ್ಟ ಹಾಗೇ ಉಳಿಯಿತು. ಪ್ರೇರಕಿ ಹೇಳಿದಳು: "ಮೊದಲು ಹಕ್ಕಿ ಯಾವುದು ತಿಳಿಯೋಣ. ಆಮೇಲೆ ಹೊಲದ ಮಾತು ಆಡೋಣ. ಎರಡನ್ನೂ ಬಿಡೋದು ಬೇಡ."

ಈ ಹಕ್ಕಿ ಯಾವುದು?

ಇದರ ಹೆಸರು ಪಟ್ಟೆತಲೆ ಹೆಬ್ಬಾತು. ಮೈ ಬೂದು ಬಣ್ಣ. ತಲೆ ಬಿಳಿ. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಕಾಲು, ಕೊಕ್ಕು ಅರಿಶಿಣ ಬಣ್ಣ. ತೂಕ ಎರಡರಿಂದ ಮೂರು ಕಿಲೋ.

ಇದು ಮೀನು ಹಿಡಿಯುವ ಹಕ್ಕಿ ಅಲ್ಲ. ಹುಲ್ಲು, ಚಿಗುರು, ಕಾಳು ತಿನ್ನುತ್ತದೆ. ಹಗಲು ಕೆರೆಯಲ್ಲಿ ಈಜುತ್ತದೆ. ದಂಡೆಯಲ್ಲಿ ಮಲಗುತ್ತದೆ. ಹೊತ್ತು ಮುಳುಗಿದ ಮೇಲೆ ಹೊಲಕ್ಕೆ ಮೇಯಲು ಹೋಗುತ್ತದೆ. ಶೇಂಗಾ ಕಿತ್ತ ಹೊಲದಲ್ಲಿ ಉಳಿದ ಕಾಯಿ ಆರಿಸಿ ತಿನ್ನುತ್ತದೆ. ಕಡಲೆಯ ಹಸಿರು ಕಂಡರೆ ಅಲ್ಲಿಗೂ ಇಳಿಯುತ್ತದೆ.

ನಮ್ಮ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಎಂಬ ಊರಿದೆ. ಅಲ್ಲಿಯ ಕೆರೆ ಈ ಹೆಬ್ಬಾತಿಗೆ ಹೆಸರುವಾಸಿ. ಪ್ರತಿ ಚಳಿಗಾಲ ಸಾವಿರಾರು ಹೆಬ್ಬಾತು ಅಲ್ಲಿ ಇಳಿಯುತ್ತವೆ. ನೋಡಲು ದೂರದ ಊರುಗಳಿಂದ ಜನ ಬರುತ್ತಾರೆ.

ಯಾಕೆ ಬರುತ್ತವೆ? ಯಾಕೆ ಹೋಗುತ್ತವೆ?

ಹೆಬ್ಬಾತಿನ ತವರು ಬಹಳ ದೂರ. ಲಡಾಖ್, ಟಿಬೆಟ್, ಮಂಗೋಲಿಯಾ ಕಡೆಯ ಎತ್ತರದ ನಾಡು ಅದರ ತವರು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಾಗಾಗಿ ಇದು ಊಹೆಯ ಮಾತಲ್ಲ.

ಚಳಿಗಾಲದಲ್ಲಿ ಅಲ್ಲಿಯ ಕೆರೆ ನೀರು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹುಲ್ಲಿನ ಮೇಲೆ ಹಿಮ ಬೀಳುತ್ತದೆ. ತಿನ್ನಲು ಏನೂ ಸಿಗುವುದಿಲ್ಲ. ಆಗ ಹೆಬ್ಬಾತು ನಮ್ಮ ಕಡೆ ಬರುತ್ತವೆ. ಇಲ್ಲಿ ಆಗ ಕೆರೆಯಲ್ಲಿ ನೀರು, ಹೊಲದಲ್ಲಿ ಮೇವು ಇರುತ್ತದೆ.

ಬೇಸಿಗೆ ಹತ್ತಿರ ಬಂದಾಗ ಅಲ್ಲಿ ಹಿಮ ಕರಗುತ್ತದೆ. ಹೊಸ ಹುಲ್ಲು ಚಿಗುರುತ್ತದೆ. ಮರಿ ಸಾಕಲು ಅದೇ ಒಳ್ಳೆ ಕಾಲ. ಅದಕ್ಕೇ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೊರಡುತ್ತವೆ. ಅಲ್ಲಿ ಹೋಗಿ ಗೂಡು ಕಟ್ಟುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತವೆ. ಸುಮಾರು ಒಂದು ತಿಂಗಳು ಕಾವು ಕೊಡುತ್ತವೆ.

ಇದನ್ನು ಕೇಳಿ ನಮ್ಮ ಆಯಿ ನಕ್ಕಳು. "ಹಂಗಾದ್ರ ಇವು ಕುಬಸಾ ಮಾಡಿಸ್ಕೊಂಡು ತವರಿಗೆ ಹೊಂಟ ಬಸರಿ ಹೆಂಗಸ್ರು!" ಅಂದಳು. ಎಲ್ಲರೂ ನಕ್ಕೆವು. ಕಡಲೆ ಕಳಕೊಂಡ ಅಕ್ಕನೂ ಸ್ವಲ್ಪ ನಕ್ಕಳು.

ತವರಿನ ದಾರಿ ಸುಲಭ ಅಲ್ಲ. ನಡುವೆ ಹಿಮಾಲಯ ಪರ್ವತ ಇದೆ. ನಮ್ಮ ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ. ಅದು ಸುಮಾರು 1,930 ಮೀಟರ್ ಎತ್ತರ. ಹೆಬ್ಬಾತು 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಅಂದರೆ ಮುಳ್ಳಯ್ಯನಗಿರಿಯ ಮೂರು ಪಟ್ಟಿಗಿಂತ ಹೆಚ್ಚು! ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ನಮಗೆ ಅಲ್ಲಿ ಉಸಿರು ಕಟ್ಟುತ್ತದೆ. ಹೆಬ್ಬಾತಿನ ರಕ್ತಕ್ಕೆ ತೆಳು ಗಾಳಿಯಿಂದಲೂ ಆಮ್ಲಜನಕ ಹೀರುವ ಶಕ್ತಿ ಇದೆ. ಅದು ಹೆಚ್ಚಾಗಿ ರಾತ್ರಿ ಮತ್ತು ಬೆಳಗಿನ ಜಾವ ಪರ್ವತ ದಾಟುತ್ತದೆ. ಆಗ ಗಾಳಿ ತಂಪಾಗಿ, ಸ್ವಲ್ಪ ದಟ್ಟವಾಗಿ ಇರುತ್ತದೆ.

ಇಷ್ಟು ದೂರ ಹಾರಲು ಮೈಯಲ್ಲಿ ಕಸುವು ಬೇಕು. ಆ ಕಸುವು ಎಲ್ಲಿಂದ ಬಂತು? ನಮ್ಮ ಕೆರೆಯಿಂದ, ನಮ್ಮ ಹೊಲದಿಂದ ಬಂತು. ಇಲ್ಲಿ ಹೊಟ್ಟೆ ತುಂಬದಿದ್ದರೆ ಅಲ್ಲಿ ಮರಿ ಆಗುವುದು ಕಷ್ಟ.

ಹೊಲದ ಮಾತು

ಮರುದಿನ ಹೊಲದ ಮಾತು ತೆಗೆದೆವು. ಮೂರು ತೀರ್ಮಾನ ಮಾಡಿದೆವು.

ಒಂದು, ಯಾರೂ ಕಾಳಿಗೆ ವಿಷ ಹಚ್ಚಬಾರದು. ಕಾಡುಪ್ರಾಣಿ, ಹಕ್ಕಿಗಳನ್ನು ಬೇಟೆಯಾಡುವುದು, ವಿಷ ಇಟ್ಟು ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಎರಡು, ಕಡಲೆ ಕಟಾವು ಆಗುವ ತನಕ ಸರದಿ ಕಾವಲು. ಸಂಜೆ ಎರಡು ಮನೆಯವರು, ಬೆಳಗಿನ ಜಾವ ಎರಡು ಮನೆಯವರು. ತಗಡು ಬಾರಿಸಿದರೆ ಸಾಕು, ಹಕ್ಕಿ ಏಳುತ್ತವೆ. ಶೇಂಗಾ ಕಿತ್ತ ಒಂದು ಬೀಳು ಹೊಲ ಕೆರೆಯ ಆಚೆ ಇತ್ತು. ಹೊಲದವರನ್ನು ಕೇಳಿದೆವು. "ಅಲ್ಲಿ ಏನೂ ಇಲ್ಲ, ಮೇಯ್ಲಿ ಬಿಡ್ರಿ" ಅಂದರು. ಅಲ್ಲಿ ಮಾತ್ರ ತಗಡು ಬಾರಿಸಲಿಲ್ಲ.

ಮೂರು, ಆದ ನಷ್ಟವನ್ನು ಬರೆದು ಕೊಡಬೇಕು. ಬಾಯಿ ಮಾತು ಗಾಳಿಗೆ ಹೋಗುತ್ತದೆ. ಬರೆದ ಮಾತು ಕಡತದಲ್ಲಿ ಉಳಿಯುತ್ತದೆ.

ಅರ್ಜಿಯನ್ನು ಆ ಅಕ್ಕನೇ ಬರೆದಳು. ಎರಡು ರಾತ್ರಿ ಹಿಡಿಯಿತು. ಒತ್ತಕ್ಷರ ತಪ್ಪಿದಾಗ ನಾವು ಹೇಳಿಕೊಟ್ಟೆವು. ಅರ್ಜಿ ಹೀಗಿತ್ತು:

ಇವರಿಗೆ,
ಅಧ್ಯಕ್ಷರು,
ಗ್ರಾಮ ಪಂಚಾಯತಿ.

ವಿಷಯ: ಹಕ್ಕಿಗಳಿಂದ ಆದ ಬೆಳೆ ಹಾನಿ.

ಮಾನ್ಯರೇ,
ನನ್ನ ಹೊಲ ಕೆರೆಯ ಕೆಳಗೆ ಇದೆ. ಅರ್ಧ ಎಕರೆ ಕಡಲೆಯನ್ನು ಹೆಬ್ಬಾತುಗಳು ತಿಂದಿವೆ. ನಾವು ಹಕ್ಕಿಗಳಿಗೆ ವಿಷ ಇಟ್ಟಿಲ್ಲ, ಇಡುವುದೂ ಇಲ್ಲ. ಹಕ್ಕಿ ಊರಿನದು, ನಷ್ಟ ನನ್ನೊಬ್ಬಳದು ಆಗಬಾರದು. ಹೊಲವನ್ನು ನೋಡಿ, ಅರಣ್ಯ ಇಲಾಖೆಗೂ ತಿಳಿಸಿ, ಪರಿಹಾರ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕೆಳಗೆ ಅವಳ ಸಹಿ. ಮೊದಲು ಅವಳು ಎಲ್ಲ ಕಾಗದಕ್ಕೂ ಹೆಬ್ಬೆಟ್ಟು ಒತ್ತುತ್ತಿದ್ದಳು. ಪಂಚಾಯತಿಗೆ ಅವಳು ಕೊಟ್ಟ ಮೊದಲ ಸಹಿ ಇದು.

ಜನವರಿ 26ರ ಗ್ರಾಮ ಸಭೆಗೆ ನಾವೆಲ್ಲ ಹೋದೆವು. ಅವಳು ಎದ್ದು ನಿಂತು ಅರ್ಜಿ ಓದಿದಳು. ದನಿ ನಡುಗಿತು, ಆದರೆ ಪೂರ್ತಿ ಓದಿದಳು. ಸಭೆಯ ಪುಸ್ತಕದಲ್ಲಿ ಬರೆದುಕೊಂಡರು. ಅರಣ್ಯ ಇಲಾಖೆಯವರು ಬಂದು ಹೊಲ ನೋಡಿ ಹೋದರು. ಹಣ ಇನ್ನೂ ಬಂದಿಲ್ಲ. ಆದರೆ ಅರ್ಜಿಗೆ ನಂಬರು ಬಿದ್ದಿದೆ. ಸ್ವೀಕೃತಿ ಚೀಟಿ ಅವಳ ಟ್ರಂಕಿನಲ್ಲಿದೆ. ಆ ನಂಬರು ಹೇಳಿ ಈಗಲೂ ಕೇಳುತ್ತಿದ್ದೇವೆ.

ಹಕ್ಕಿ ಹಬ್ಬ

ಶಿವರಾತ್ರಿ ಮುಗಿಯಿತು. ಕಡಲೆ ಮನೆಗೆ ಬಂತು. ಕೆರೆಯಲ್ಲಿ ಹೆಬ್ಬಾತು ಗುಂಪು ಗುಂಪಾಗಿ ಸೇರತೊಡಗಿದವು. ಹೊರಡುವ ಹೊತ್ತು ಬಂದಿತ್ತು. "ಬಂದಾಗ ಯಾರೂ ನೋಡ್ಲಿಲ್ಲ. ಹೋಗೂವಾಗರ ನೋಡೂಣು" ಅಂದಳು ಆಯಿ. ಹಾಗೆ ಹಕ್ಕಿ ಹಬ್ಬ ಗೊತ್ತಾಯಿತು.

ಭಾನುವಾರ ನಸುಕಿನಲ್ಲಿ ಏರಿ ಮೇಲೆ ಸೇರಿದೆವು. ಕಲಿಕಾ ಕೇಂದ್ರದ ಹೆಂಗಸರು, ಶಾಲೆಯ ಮಕ್ಕಳು, ಗುರುಗಳು, ಕುರಿ ಕಾಯುವವರು, ಮೀನು ಹಿಡಿಯುವವರು ಎಲ್ಲರೂ ಬಂದರು. ಗುರುಗಳು ಒಂದು ದುರ್ಬೀನು ತಂದಿದ್ದರು. ಪಟಾಕಿ ಇಲ್ಲ, ಮೈಕು ಇಲ್ಲ. ಹಕ್ಕಿ ಹಬ್ಬದಲ್ಲಿ ಗದ್ದಲ ಮಾಡಬಾರದು. ಕೆಂಪು, ಹಳದಿ ಸೀರೆ ಬಿಟ್ಟು ಮಾಸಲು ಬಣ್ಣದ ಸೀರೆ ಉಟ್ಟಿದ್ದೆವು. ನೀರಿನ ಹತ್ತಿರ ಹೋಗದೇ ದೂರದಲ್ಲೇ ಕುಳಿತೆವು.

ಹೊಲದಲ್ಲಿ ಮೇಯ್ದ ಹೆಬ್ಬಾತು ಬೆಳಕು ಹರಿಯುವಾಗ ಹಿಂದಿರುಗಿ ಬಂದವು. ಮೊದಲು ದನಿ ಕೇಳಿತು. ಆಮೇಲೆ ಆಕಾಶದಲ್ಲಿ ಸಾಲು ಕಂಡಿತು. ಸಾಲು ಬಾಣದ ತುದಿಯ ಹಾಗೆ ಇತ್ತು. ತಲೆ ಮೇಲೆ ಒಂದು ಸುತ್ತು ಹಾಕಿ ನೀರಿಗೆ ಇಳಿದವು.

ಕಡಲೆಯ ಅಕ್ಕ ದುರ್ಬೀನಿನಲ್ಲಿ ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. "ತಲಿ ಮ್ಯಾಲೆ ಎರಡು ಗೆರಿ ಅದಾವಲ್ಲವಾ! ನಮ್ಮ ಹೊಲದಾಗ ಕತ್ತಲಾಗ ಬರೇ ನೆರಳು ನೋಡಿದ್ದೆ" ಅಂದಳು.

ಅವತ್ತು ನಾವು ಹೆಬ್ಬಾತು ಅಷ್ಟೇ ಅಲ್ಲ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಟಿಟ್ಟಿಭ, ನಾಮದ ಕೋಳಿ ನೋಡಿದೆವು. ಎಷ್ಟೋ ಹಕ್ಕಿಗೆ ಹಳೆಯ ಹೆಸರು ಆಯಿಗೆ ಗೊತ್ತಿತ್ತು. ಅವಳು ಹೇಳಿದಳು, ನಾವು ಬರೆದೆವು. ಬಿಸಿಲು ಏರಿದ ಮೇಲೆ ಬೇವಿನ ಮರದ ಕೆಳಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ತಿಂದ ಕಾಗದ ಒಂದೂ ಕೆರೆಗೆ ಬೀಳಲಿಲ್ಲ. ಹಳೆಯ ಪ್ಲಾಸ್ಟಿಕ್ ಚೀಲ, ಸೋಪಿನ ಪುಡಿಯ ಪೊಟ್ಟಣ ಆರಿಸಿ ನಾಲ್ಕು ಮೂಟೆ ಕಟ್ಟಿದೆವು.

ಹಿಂಡನ್ನು ಎಣಿಸುವುದು ಹೇಗೆ?

ನೂರಾರು ಹಕ್ಕಿಯನ್ನು ಒಂದೊಂದಾಗಿ ಎಣಿಸಲು ಆಗುವುದಿಲ್ಲ. ಅವು ಅಲುಗಾಡುತ್ತವೆ. ಅದಕ್ಕೆ ಒಂದು ಉಪಾಯ ಇದೆ.

ಮೊದಲು ಹತ್ತು ಹಕ್ಕಿ ಎಣಿಸಿ. ಆ ಹತ್ತು ಹಕ್ಕಿ ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಲ್ಲಿ ಅಳೆಯಿರಿ. ಅಂಥ ಜಾಗ ಹಿಂಡಿನಲ್ಲಿ ಎಷ್ಟು ಇವೆ ಎಂದು ಎಣಿಸಿ. ಪ್ರತಿ ಹತ್ತಕ್ಕೆ ಒಂದು ಗೆರೆ ಎಳೆಯಿರಿ. ಕೊನೆಗೆ ಗೆರೆಗಳನ್ನು ಹತ್ತರಿಂದ ಗುಣಿಸಿ.

ನಾವು ಮೂರು ಸಲ ಎಣಿಸಿದೆವು. ಮೊದಲ ಸಲ 34 ಗೆರೆ ಬಂತು. ಅಂದರೆ 340 ಹಕ್ಕಿ. ಎರಡನೇ ಸಲ 360, ಮೂರನೇ ಸಲ 350. ನಡುವಿನ ಲೆಕ್ಕ 350 ಎಂದು ಬರೆದೆವು. ತಾರೀಖು, ಹೊತ್ತು, ಕೆರೆಯಲ್ಲಿ ನೀರು ಎಷ್ಟಿತ್ತು ಎಂದೂ ಬರೆದೆವು. ಪ್ರತಿ ವರ್ಷ ಹೀಗೆ ಬರೆದರೆ ಹಕ್ಕಿ ಹೆಚ್ಚಾದವೋ ಕಡಿಮೆಯಾದವೋ ತಿಳಿಯುತ್ತದೆ. ಕೆರೆಯ ಗುಣವೂ ತಿಳಿಯುತ್ತದೆ. ಇಂಥ ಲೆಕ್ಕ ದೇಶದ ಬಹಳ ಕಡೆ ನಡೆಯುತ್ತದೆ. ಪ್ರತಿ ಜನವರಿಯಲ್ಲಿ ಕೆರೆ ಹಕ್ಕಿ ಎಣಿಸುವ ಕೆಲಸ ನಮ್ಮ ದೇಶದಲ್ಲಿ 1987ರಿಂದ ನಡೆದು ಬಂದಿದೆ.

ಬೇರೆ ಊರಿನವರು ಏನು ಮಾಡಿದರು?

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಕೊಕ್ಕರೆಬೆಳ್ಳೂರು ಇದೆ. ಅಲ್ಲಿಗೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಬರುತ್ತವೆ. ನಮ್ಮ ಹೆಬ್ಬಾತು ಇಲ್ಲಿ ಉಣ್ಣಲು ಬರುತ್ತದೆ. ಕೊಕ್ಕರೆಬೆಳ್ಳೂರಿನ ಹಕ್ಕಿಗಳು ಮರಿ ಮಾಡಲು ಬರುತ್ತವೆ. ಅದಕ್ಕೇ ಆ ಊರಿನವರು ಅವನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ.

ಅವು ಮನೆಗಳ ನಡುವೆ ಹುಣಸೆ ಮರದ ಮೇಲೆ ಗೂಡು ಕಟ್ಟುತ್ತವೆ. ಗೂಡು ಇದ್ದ ಮರದ ಹುಣಸೆ ಹಣ್ಣು ಕೈಗೆ ಸರಿಯಾಗಿ ಸಿಗುವುದಿಲ್ಲ. ಆದರೂ ಜನ ಮರ ಕಡಿಯಲಿಲ್ಲ. ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಹಣ ಕೊಡುವ ಏರ್ಪಾಟು ಮಾಡಿತು. ಹಕ್ಕಿಯ ಹಿಕ್ಕೆಯನ್ನು ರೈತರು ಗೊಬ್ಬರ ಮಾಡಿಕೊಂಡರು. ಊರಿನ ಯುವಕರು 'ಹೆಜ್ಜಾರ್ಲೆ ಬಳಗ' ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. 2007ರಲ್ಲಿ ಸರ್ಕಾರ ಆ ಊರನ್ನು ಸಮುದಾಯ ಮೀಸಲು ಪ್ರದೇಶ ಎಂದು ಸಾರಿತು. ಹಕ್ಕಿಯ ನಷ್ಟಕ್ಕೆ ಪರಿಹಾರ ಕೇಳುವುದು ತಪ್ಪಲ್ಲ ಎಂದು ನಾವು ಕಲಿತದ್ದು ಆ ಊರಿನಿಂದ.

ಶ್ರೀರಂಗಪಟ್ಟಣದ ಹತ್ತಿರ ರಂಗನತಿಟ್ಟು ಇದೆ. ಹಕ್ಕಿ ಶಾಸ್ತ್ರ ಬಲ್ಲ ಸಲೀಂ ಅಲಿ ಅವರ ಸಲಹೆಯಿಂದ 1940ರಲ್ಲಿ ಅದು ಪಕ್ಷಿಧಾಮ ಆಯಿತು. 2015ರಲ್ಲಿ ಅರಣ್ಯ ಇಲಾಖೆ ಅಲ್ಲಿಯೇ ರಾಜ್ಯದ ಹಕ್ಕಿ ಹಬ್ಬ ಶುರು ಮಾಡಿತು.

ಕೆರೆ, ಜೌಗು, ಅಳಿವೆ ಇವಕ್ಕೆಲ್ಲ ಜೌಗು ನೆಲ ಎನ್ನುತ್ತಾರೆ. ಇವನ್ನು ಕಾಯಬೇಕೆಂದು 1971ರ ಫೆಬ್ರವರಿ 2ರಂದು ಇರಾನ್ ದೇಶದ ರಾಮ್ಸಾರ್ ಊರಿನಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿದವು. ಆ ಪಟ್ಟಿಗೆ 2022ರಲ್ಲಿ ರಂಗನತಿಟ್ಟು ಸೇರಿತು. 2024ರಲ್ಲಿ ನಮ್ಮ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಅಘನಾಶಿನಿಯಲ್ಲಿ ಹೆಂಗಸರು ನೀರಿಗೆ ಇಳಿದು ಚಿಪ್ಪಿ ಆರಿಸಿ ಸಂಸಾರ ಸಾಗಿಸುತ್ತಾರೆ. ನೀರು ಕೆಟ್ಟರೆ ಹಕ್ಕಿಗಿಂತ ಮೊದಲು ಅವರ ಒಲೆ ಆರುತ್ತದೆ.

ನಾವು ಏನು ಮಾಡಬಹುದು?

ಒಬ್ಬ ತಂಗಿ ಕೇಳಿದಳು: "ಹಂಗಾದ್ರ ಕೆರ್ಯಾಗ ಅರಿಬಿ ಒಗೀಬಾರದೇನ್ರಿ?" ನೀರು ಬೇರೆ ಕಡೆ ಇಲ್ಲದಿದ್ದರೆ ಎಲ್ಲಿ ಒಗೆಯಬೇಕು? ನಾವು ಹೀಗೆ ಮಾಡಿದೆವು. ಒಗೆಯಲು ಒಂದೇ ಮೂಲೆ ಗೊತ್ತು ಮಾಡಿದೆವು. ಸೋಪಿನ ನೀರು ಕೆರೆಗೆ ಹೋಗದಂತೆ ದಂಡೆಯ ಮೇಲೆ ಒಗೆಯುತ್ತೇವೆ. ಪೊಟ್ಟಣ ಮನೆಗೆ ತರುತ್ತೇವೆ.

ವಿಷ ಹೊಡೆದ ಪಂಪು, ಡಬ್ಬಿಯನ್ನು ಕೆರೆಯಲ್ಲಿ ತೊಳೆಯಬಾರದು. ಕೆರೆಯ ಅಂಗಳ ಯಾರಾದರೂ ಒತ್ತಿದರೆ ಗ್ರಾಮ ಸಭೆಯಲ್ಲಿ ಕೇಳಬೇಕು.

ಸತ್ತ ಹಕ್ಕಿಯನ್ನು ಕೈಯಿಂದ ಮುಟ್ಟಬಾರದು. ಮಕ್ಕಳಿಗೂ ಹೇಳಿ. ಹಕ್ಕಿ ಜ್ವರ ಇರಬಹುದು. ಒಂದೇ ಕಡೆ ಹಲವು ಹಕ್ಕಿ ಸತ್ತಿದ್ದರೆ ದನದ ಆಸ್ಪತ್ರೆಗೆ ಅಥವಾ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ.

ಹಬ್ಬ ಆಗಿ ಎಂಟು ದಿನಕ್ಕೆ ಕೆರೆ ಖಾಲಿಯಾಯಿತು. ಬೆಳಗಾಗಿ ನೋಡಿದರೆ ನೀರು ಮಾತ್ರ ಇತ್ತು. ಕಡಲೆಯ ಅಕ್ಕ ಏರಿ ಮೇಲೆ ನಿಂತು ಬಡಗಣ ದಿಕ್ಕಿಗೆ ನೋಡಿದಳು. "ಹೋದವು ನೋಡವಾ. ಹೇಳದ ಕೇಳದ ಹೋದವು" ಅಂದಳು. ಆಮೇಲೆ ತನ್ನ ನೋಟ್ ಪುಸ್ತಕ ತೆಗೆದು ಆ ದಿನದ ತಾರೀಖು ಬರೆದಳು. ಮುಂದೆ ಬರೆದಳು: "ಹೆಬ್ಬಾತು ಇಲ್ಲ."

ದೀಪಾವಳಿ ಆದ ಮೇಲೆ ಮುಂದಿನ ಸಾಲು ತುಂಬಬೇಕು. ಕಾವಲಿನ ಸರದಿ ಪಟ್ಟಿಯನ್ನೂ ಈಗಲೇ ಬರೆದು ಇಟ್ಟಿದ್ದೇವೆ.

ಹೊಸ ಪದಗಳು

ವಲಸೆ: ಕಾಲಕ್ಕೆ ತಕ್ಕಂತೆ ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗಿ ಬರುವುದು
ಜೌಗು ನೆಲ: ನೀರು ನಿಲ್ಲುವ, ಸದಾ ಹಸಿ ಇರುವ ಜಾಗ
ಅಳಿವೆ: ಹೊಳೆ ಕಡಲನ್ನು ಸೇರುವ ಜಾಗ
ಸ್ವೀಕೃತಿ: ಕಾಗದ ತಲುಪಿತು ಎಂದು ಕೊಡುವ ಚೀಟಿ
ದುರ್ಬೀನು: ದೂರದ್ದನ್ನು ಹತ್ತಿರ ತೋರಿಸುವ ಸಾಧನ

ಓದಿ, ಮಾತಾಡಿ

1. ಹೆಬ್ಬಾತು ಚಳಿಗಾಲದಲ್ಲಿ ನಮ್ಮ ಕಡೆ ಯಾಕೆ ಬರುತ್ತವೆ?
2. ಕಾಳಿಗೆ ವಿಷ ಹಚ್ಚಿದರೆ ಯಾರು ಯಾರಿಗೆ ತೊಂದರೆ?
3. ಹಕ್ಕಿಯಿಂದ ಆದ ನಷ್ಟ ಒಬ್ಬರೇ ಹೊರಬೇಕೋ, ಊರೆಲ್ಲ ಹೊರಬೇಕೋ? ನಿಮ್ಮ ಅಭಿಪ್ರಾಯ ಹೇಳಿ.
4. ನಿಮ್ಮ ಊರ ಕೆರೆಗೆ ಯಾವ ಹಕ್ಕಿ ಬರುತ್ತವೆ? ಹಿರಿಯರನ್ನು ಕೇಳಿ ಹೆಸರು ಬರೆಯಿರಿ.

ಲೆಕ್ಕ ಮಾಡಿ

1. ಒಂದು ಹಿಂಡಿನಲ್ಲಿ ಹತ್ತರ ಗುಂಪು 27 ಇವೆ. ಒಟ್ಟು ಹಕ್ಕಿ ಎಷ್ಟು?
2. ಹೋದ ವರ್ಷ 350 ಹಕ್ಕಿ ಬಂದಿದ್ದವು. ಈ ವರ್ಷ 290 ಬಂದಿವೆ. ಎಷ್ಟು ಕಡಿಮೆಯಾದವು?

ಬರೆಯಿರಿ

ನಿಮ್ಮ ಊರ ಕೆರೆಗೆ ಬೇಕಾದ ಒಂದು ಕೆಲಸದ ಬಗ್ಗೆ ಗ್ರಾಮ ಪಂಚಾಯತಿಗೆ ಅರ್ಜಿ ಬರೆಯಿರಿ. ಕೆಳಗೆ ತಾರೀಖು ಹಾಕಿ, ನಿಮ್ಮ ಸಹಿ ಮಾಡಿ. ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ.